ಗಣಕದ ವಾಸ್ತುಭೇದವೂ ಬರೆಹಗಳ ರಕ್ಷಣೆಯೂ

ಹಳೆಯ ೩೨ ಬಿಟ್ಟಿನ ಗಣಕ ವ್ಯವಸ್ಥೆಯನ್ನು ತೊರೆದು ೬೪ ಬಿಟ್ಟಿನದಕ್ಕೆ ಹೋಗಬೇಕೆ ಎಂಬ ವಿಷಯದಲ್ಲಿ ಸವಣೂರಿನ ಕಡೆಯ (ನವಾಬರ ಸವಣೂರಲ್ಲ, ಕಡಬ ತಾಲೂಕಿನದು) ಅಧ್ಯಾಪಕ ಮಿತ್ರರಲ್ಲಿ ಎರಡು ಪಕ್ಷಗಳುಂಟು. ಹೊಸದು ವೇಗವಾದುದು, ಆದುದರಿಂದ ಕೂಡಲೇ ಹೋಗತಕ್ಕದ್ದು ಎಂಬುದು ಒಂದು. ಹೋದರೆ ಹಳೆಯ ಬರೆಹಗಳೆಲ್ಲ ನಷ್ಟವಾಗುವುವೆಂಬುದು ಇನ್ನೊಂದು. ಎರಡನ್ನೂ ನಾವು ಒಪ್ಪಲಾರೆವು.

ವೇಗದ ವಾದ ದುರ್ಬಲವಾದುದು. ೩೨ ಬಿಟ್ಟಿನ ವಿಳಾಸದಿಂದ ಗುರುತಿಸಬಹುದಾದ ಸ್ಮೃತಿಸ್ಥಾನಗಳು ೪,೨೯,೪೯,೬೭,೨೯೬, ಎಂದರೆ ೪ ಗಿಗಾಬೈಟು. ಶಾಸನಪಾಠವನ್ನು ಬೆರಳಚ್ಚು ಮಾಡುವವನಿಗೆ ಇಷ್ಟು ಧಾರಾಳವಾಗಿ ಸಾಕು. ನಿಜವಾದ ಒತ್ತಾಯ ಬೇರೆ ಕಡೆಯಿಂದ ಬಂದಿದೆ. ೨೦೨೧ರಲ್ಲಿ ಹೊರಬಂದ ವಿಂಡೋಸ್ ೧೧ಕ್ಕೆ ೩೨ ಬಿಟ್ಟಿನ ರೂಪವೇ ಇಲ್ಲ. ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ರಕ್ಷಣೆಯ ಪರಿಷ್ಕರಣಗಳಿಲ್ಲದ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಿಟ್ಟುಕೊಂಡಿರುವುದು ವಿವೇಕವಲ್ಲ.

ಎರಡನೆಯ ಪಕ್ಷದವರ ಭಯಕ್ಕೆ ಆಧಾರವಿದೆ; ಆದರೆ ಅದರ ಸ್ಥಾನ ತಪ್ಪಿದೆ. ಕಡತಕ್ಕೆ ವಾಸ್ತುಭೇದವೆಂಬುದಿಲ್ಲ. ೩೨ ಬಿಟ್ಟಿನ ತಂತ್ರಾಂಶಗಳು ಸಾಮಾನ್ಯವಾಗಿ ೬೪ ಬಿಟ್ಟಿನ ವಿಂಡೋಸಿನಲ್ಲಿಯೂ ನಡೆಯುತ್ತವೆ. ನಡೆಯದಿರುವುವು ಡಾಸ್ ಕಾಲದ ೧೬ ಬಿಟ್ಟಿನ ತಂತ್ರಾಂಶಗಳು, ಹಾಗೂ ಹೊಸ ಚಾಲಕ ತಂತ್ರಾಂಶವಿಲ್ಲದ ಹಳೆಯ ಸ್ಕ್ಯಾನರು, ಪ್ರಿಂಟರುಗಳು. ಬೆರಳಿನ ಅಭ್ಯಾಸವೂ ಕೆಡದು: ತಮ್ಮ ತಂತ್ರಾಂಶಕ್ಕೆ ಪುತ್ತೂರು ಸೀಮೆಯ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ಕೆ. ಪಿ. ರಾಯರ ಕೀಲಿಮಣೆಯ ವಿನ್ಯಾಸ ಹೊಸ ಯಂತ್ರದಲ್ಲಿಯೂ ದೊರೆಯುತ್ತದೆ.

ಕನ್ನಡ ಬರೆಹಕ್ಕೆ ನಿಜವಾದ ಅಪಾಯವಿರುವುದು ಅಕ್ಷರಸಂಕೇತದಲ್ಲಿ. ಈ ಎರಡು ಪ್ರಶ್ನೆಗಳನ್ನು ಒಂದೆಂದು ಭ್ರಮಿಸಿರುವುದೇ ವಾದದ ಮೂಲದೋಷ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕೃತಿಖಂಡಗಳು ರೋಮನ್ ಲಿಪಿಯ ಸಂಕೇತಗಳ ಸ್ಥಾನದಲ್ಲಿ ಕುಳಿತಿವೆ; ಫಾಂಟು ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಮಾತ್ರ ಕಾಣುವುವು. ಇವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವೊತ್ತು ವಿಶೇಷವಾಗಿ ತೊಡಕಿನದು. ಹಳೆಯ ಸಂಕೇತದಲ್ಲಿ ಅದು ಕಣ್ಣಿಗೆ ಕಾಣುವಂತೆ ವ್ಯಂಜನದ ಅನಂತರ ಬರುತ್ತದೆ; ಯೂನಿಕೋಡಿನಲ್ಲಿ ಉಚ್ಚಾರಕ್ರಮದಂತೆ ರೇಫವು ಮೊದಲು. ಪರಿವರ್ತಕ ಎಡವಿದರೆ ‘ವರ್ಷ’ವು ‘ವಷರ್’ ಆಗುತ್ತದೆ, ‘ಸೂರ್ಯ’ನು ‘ಸೂಯರ್’ ಆಗುತ್ತಾನೆ. ಶಾಸನದಲ್ಲಿ ಬರುವ ಅಪರಿಚಿತ ವ್ಯಕ್ತಿನಾಮವೊಂದು ಹೀಗಾದರೆ ಓದುಗನಿಗೆ ಶಂಕೆಯೂ ಹುಟ್ಟದು! ಱಕಾರ ೞಕಾರಗಳಿಗೆ ಯೂನಿಕೋಡಿನಲ್ಲಿ ಸ್ಥಾನವಿರುವುದು ಸಮಾಧಾನದ ಸಂಗತಿ. ೞಕಾರಕ್ಕೆ ಅಲ್ಲಿ ‘ಫಾ’ ಎಂಬ ತಪ್ಪು ಹೆಸರು ಬಿದ್ದಿದೆ. ಅಕ್ಷರ ಮಾತ್ರ ಸರಿಯಾಗಿದೆ.

ನಮ್ಮಂಥ ವಿಭಾಗಗಳಲ್ಲಿ ಇಂಥ ಕಡತಗಳಾಗಿ ಉಳಿದಿರುವುವು ಮುದ್ರಿತ ಗ್ರಂಥಗಳಲ್ಲ. ವಿದ್ಯಾರ್ಥಿಗಳು ಊರ ಹಿರಿಯರಿಂದ ಕೇಳಿ ಬರೆದ ಸ್ಥಳವೃತ್ತಾಂತಗಳು, ದೈವಸ್ಥಾನ ಬಸದಿಗಳ ಟಿಪ್ಪಣಿಗಳು. ಹೇಳಿದವರಲ್ಲಿ ಹಲವರು ಈಗಿಲ್ಲ. ಅವರನ್ನು ಮತ್ತೊಮ್ಮೆ ಕೇಳಿ ತಿದ್ದಿಕೊಳ್ಳುವಂತಿಲ್ಲ.

ಆದುದರಿಂದ ಹೊಸ ವ್ಯವಸ್ಥೆಗೆ ಹೋಗುವುದೇ ಯುಕ್ತ; ಆದರೆ ಹೊರಡುವ ಮೊದಲು ಹಳೆಯ ಯಂತ್ರದಲ್ಲಿ ಆಗಬೇಕಾದ ಕೆಲಸವಿದೆ. ಪ್ರತಿಯೊಂದು ಕಡತವನ್ನೂ ಅಲ್ಲಿಯೇ ಅದರ ಫಾಂಟಿನಲ್ಲಿ ತೆರೆದು ಕಾಗದದ ಮೇಲೆ ಮುದ್ರಿಸಿಕೊಳ್ಳಬೇಕು. ಪರಿವರ್ತಿತ ಪಾಠವನ್ನು ಒಬ್ಬರು ಓದಿ, ಇನ್ನೊಬ್ಬರು ಆ ಪ್ರತಿಯೊಡನೆ ತಾಳೆ ನೋಡಬೇಕು. ಮೂಲ ಕಡತವನ್ನು ಅಳಿಸಕೂಡದು. ಪಾಠಾಂತರದ ಸಂಶಯ ಬಂದಾಗ ಅದೇ ಪ್ರಮಾಣ. ಹಳೆಯ ಯಂತ್ರವೊಂದನ್ನು ಅಂತರ್ಜಾಲದಿಂದ ಬೇರ್ಪಡಿಸಿ ವಿಭಾಗದಲ್ಲಿ ಉಳಿಸಿಕೊಳ್ಳಬೇಕು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಗುಜರಿಗೆ ಹಾಕುವ ಪದ್ಧತಿಯನ್ನು ಈ ಒಂದು ವಿಷಯದಲ್ಲಾದರೂ ಆಡಳಿತದವರು ಸಡಿಲಿಸತಕ್ಕದ್ದು.