255 ಬೈಟ್ ಬಿಟ್ಟ ಜಾಣತನ

2020ರ ಜುಲೈ 14ರಂದು ಮೈಕ್ರೋಸಾಫ್ಟ್, ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ತನ್ನ ವಿಂಡೋಸ್ ಡಿಎನ್‌ಎಸ್ ಸರ್ವರಿಗೆ ಹಾಕಿದ ತೇಪೆ ನೆನಪಾದಾಗಲೆಲ್ಲ ಖುಷಿಯಾಗುತ್ತದೆ. ಹದಿನೇಳು ವರ್ಷದಿಂದ ಅಡಗಿ ಕೂತಿದ್ದ ತಪ್ಪನ್ನು ಚೆಕ್ ಪಾಯಿಂಟ್ ಸಂಶೋಧಕರು ಹುಡುಕಿದ್ದರು; ಅಪಾಯದ ಅಂಕ ಹತ್ತಕ್ಕೆ ಹತ್ತು.

ತಪ್ಪಾದರೂ ಎಂಥದ್ದು! ಸಿಗ್ ಎಂಬ ಸಹಿ ದಾಖಲೆ ಬಂದಾಗ ಎಷ್ಟು ಜಾಗ ಬೇಕೆಂಬ ಲೆಕ್ಕ 16 ಬಿಟ್‌ನಲ್ಲೇ ನಡೆಯುತ್ತಿತ್ತು. 65,535 ದಾಟಿದೊಡನೆ ಮೊತ್ತ ಮತ್ತೆ ಸೊನ್ನೆಯಿಂದ ಶುರು, ಹಳೇ ಸ್ಕೂಟರಿನ ಮೀಟರಿನ ಹಾಗೆ. ಕೊಳಗದಷ್ಟು ಮಾಹಿತಿಗೆ ಪಾವಿನಷ್ಟು ಜಾಗ. ಬರುವ ಸಂದೇಶ ಅಷ್ಟು ದೊಡ್ಡದಿರುವುದಿಲ್ಲವಲ್ಲ ಎನ್ನುವಿರಾ? ಡಿಎನ್‌ಎಸ್‌ನಲ್ಲಿ ಎರಡು ಬೈಟಿನ ಸಂಕ್ಷೇಪ ಬಿಚ್ಚಿಕೊಂಡು ಉದ್ದನೆಯ ಹೆಸರಾಗುತ್ತದೆ. ಉಕ್ಕಿದ್ದು ಅಲ್ಲೇ.

ತೇಪೆಗಿಂತಲೂ ನನ್ನ ಮನಸ್ಸು ಗೆದ್ದದ್ದು, ತೇಪೆ ಹಾಕುವಷ್ಟು ಪುರುಸೊತ್ತಿಲ್ಲದವರಿಗೆ ಕೊಟ್ಟ ಉಪಾಯ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನಿಡುವ ರಿಜಿಸ್ಟ್ರಿಯಲ್ಲಿ ಒಂದೇ ಒಂದು ಬೆಲೆ: ಟಿಸಿಪಿ ಮಾರ್ಗದಲ್ಲಿ ಬರುವ ಸಂದೇಶ 65,280 ಬೈಟ್ ಮೀರಬಾರದು. ಅಂದರೆ ಮೇಲಿನ ಮಿತಿಗಿಂತ 255 ಕಡಿಮೆ. ಡಿಎನ್‌ಎಸ್ ಹೆಸರಿನ ಗರಿಷ್ಠ ಉದ್ದವೂ 255! ಹೆಸರು ಪೂರ್ತಿ ಹಿಗ್ಗಿದರೂ ಅಂಚು ದಾಟದಂತೆ, ಹೊಲಿಯುವಾಗ ಒಳಗೆ ಬಟ್ಟೆ ಬಿಡುವ ದರ್ಜಿಯ ಲೆಕ್ಕ ಇದು ಅಂತ ನನಗನಿಸುತ್ತದೆ. ಇಡೀ ಯಂತ್ರ ಆರಿಸಬೇಕಿಲ್ಲ. ಡಿಎನ್‌ಎಸ್ ಸೇವೆಯನ್ನು ಒಮ್ಮೆ ನಿಲ್ಲಿಸಿ, ಮತ್ತೆ ಶುರು ಮಾಡಿದರಾಯಿತು.