ಕಪಾಟಿನಲ್ಲೇ ಉಳಿಯುವ ಕೇಸ್ ಶೀಟು

ಬಬಲೇಶ್ವರದ ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಬಡಿದು ಬೈಕ್ ಸವಾರನೊಬ್ಬನ ತೊಡೆಯ ಎಲುಬು ಮುರಿಯಿತು ಎಂದಿಟ್ಟುಕೊಳ್ಳಿ. ಮೊದಲು ವಿಜಯಪುರದ ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಸೊಲ್ಲಾಪುರ ಇಲ್ಲವೇ ಮಿರಜ್. ಪರಿಹಾರದ ಕೇಸು ನಡೆಯುವುದು ವಿಜಯಪುರದ ನ್ಯಾಯಮಂಡಳಿಯಲ್ಲಿ. ಅರ್ಜಿದಾರ, ಟ್ರ್ಯಾಕ್ಟರಿನ ಮಾಲೀಕ, ವಿಮಾ ಕಂಪನಿ ಇಷ್ಟೇ ಕಕ್ಷಿದಾರರು. ಕೇಸನ್ನು ನಿರ್ಧರಿಸುವ ಕಾಗದಗಳು ಮಾತ್ರ ಇವರಾರ ಕೈಯಲ್ಲೂ ಇಲ್ಲ. ಅವು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿವೆ.

ಅವನ್ನು ತರಿಸುವ ಅಧಿಕಾರಕ್ಕೆ ಕೊರತೆಯಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 169ನೇ ಕಲಮು ದಾಖಲೆ ಹಾಜರುಪಡಿಸುವಂತೆ ಮಾಡಲು ನ್ಯಾಯಮಂಡಳಿಗೆ ಸಿವಿಲ್ ನ್ಯಾಯಾಲಯದ ಬಲವನ್ನೇ ಕೊಟ್ಟಿದೆ. ಇಂಗ್ಲೆಂಡಿನಲ್ಲಿ ಕೇಸಿನ ಹೊರಗಿನವರಿಂದ ಇಂಥ ದಾಖಲೆ ತರಿಸುವ ಅಧಿಕಾರವನ್ನು 1970ರ ಕಾಯ್ದೆ ಮೊದಲು ಕೊಟ್ಟದ್ದೂ ದೈಹಿಕ ಗಾಯದ ದಾವೆಗಳಿಗೇ. ಗಾಯಾಳುವಿನ ಅಸಹಾಯಕತೆ ಅಲ್ಲೂ ಇಲ್ಲೂ ಒಂದೇ. ನನ್ನ ಆಕ್ಷೇಪ ಈ ಅಧಿಕಾರ ಬಳಕೆಯಾಗುವ ಹೊತ್ತಿನ ಬಗ್ಗೆ. ಅರ್ಜಿದಾರನ ವಕೀಲರು ಅರ್ಜಿ ಹಾಕಿ, ಪ್ರೊಸೆಸ್ ಫೀ ಕಟ್ಟಿ, ಸಮನ್ಸ್ ಜಾರಿಯಾಗುವವರೆಗೆ ಕಾಯುವುದು ಸಂಕ್ಷಿಪ್ತ ವಿಚಾರಣೆಗೆಂದೇ ಹುಟ್ಟಿದ ನ್ಯಾಯಮಂಡಳಿಗೆ ಒಪ್ಪುವ ರೀತಿಯಲ್ಲ.

ತಡವಾದರೆ ಏನಾಗುತ್ತದೆ? ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕೆನ್ನುತ್ತದೆ. ಕೇಸು ಸಾಕ್ಷಿಯ ಹಂತಕ್ಕೆ ಬರುವಷ್ಟರಲ್ಲಿ ಆ ಗಡುವೇ ಮುಗಿದಿರಬಹುದು. ಅದೇ ನಿಯಮಾವಳಿಯ ಪ್ರಕಾರ ರೋಗಿ ಕೇಳಿದರೆ 72 ಗಂಟೆಯಲ್ಲಿ ಪ್ರತಿ ಕೊಡಬೇಕು. ಕಾಲಿಗೆ ರಾಡ್ ಹಾಕಿಸಿಕೊಂಡು ಹಾಸಿಗೆ ಹಿಡಿದವನ ಮನೆಯವರಿಗೆ ಇದನ್ನು ಹೇಳುವವರು ಯಾರು?

ಆಸ್ಪತ್ರೆಯ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣಗಳ) ರಿಜಿಸ್ಟರಿನ ಒಂದು ಸಾಲನ್ನು ಗಮನಿಸಿ: ‘ಬೈಕಿನಿಂದ ಬಿದ್ದು ಗಾಯ’. ರಾತ್ರಿ ಪಾಳಿಯ ವೈದ್ಯರು, ಗಾಯಾಳುವನ್ನು ಹೊತ್ತು ತಂದವರು ಗಾಬರಿಯಲ್ಲಿ ಹೇಳಿದ್ದನ್ನು ಬರೆದುಕೊಂಡಿರುತ್ತಾರೆ. ಟ್ರ್ಯಾಕ್ಟರಿನ ಹೆಸರಿಲ್ಲವೆಂದು ವಿಮಾ ಕಂಪನಿ ಪಾಟಿ ಸವಾಲಿನಲ್ಲಿ ಅದನ್ನೇ ಹಿಡಿಯುತ್ತದೆ. ಮರುದಿನದ ಕೇಸ್ ಶೀಟಿನಲ್ಲಿ ಟ್ರ್ಯಾಕ್ಟರಿನ ಪ್ರಸ್ತಾಪ ಇದ್ದರೂ ಇರಬಹುದು. ಅದನ್ನು ತರಿಸದೆ ಒಂದು ಸಾಲಿನ ಮೇಲೆ ಅರ್ಜಿ ವಜಾ ಮಾಡುವುದು ಅನ್ಯಾಯ. ತಾನಾಗಿಯೇ ಬಿದ್ದ ಗಾಯಕ್ಕೆ ಆಮೇಲೆ ಯಾವುದೋ ವಾಹನವನ್ನು ತಂದು ಸೇರಿಸಿದ್ದರೆ ಆ ಮೋಸವನ್ನು ಬಯಲು ಮಾಡುವುದೂ ಇದೇ ಕಡತ. ಹಾಗಾಗಿ ಪೂರ್ತಿ ಕಡತ ಬರುವುದು ವಿಮಾ ಕಂಪನಿಗೂ ಬೇಕಾದ ಸಂಗತಿ.

2010ರ ಅಕ್ಟೋಬರಿನಲ್ಲಿ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನ್ಯಾಯಮಂಡಳಿ ಮೂಕಪ್ರೇಕ್ಷಕನಾಗಿ ಕೂರಬಾರದು, ಚಿಕಿತ್ಸೆಯನ್ನೇ ಕೊಡದ ವೈದ್ಯರ ಸಿದ್ಧ ಅಂಗವೈಕಲ್ಯ ಪ್ರಮಾಣಪತ್ರಗಳ ಬಗ್ಗೆ ಎಚ್ಚರ ಇರಲಿ ಎಂದಿತು. ಕೇಸ್ ಶೀಟು, ಎಕ್ಸ್‌ರೇ ಮುಂದಿಲ್ಲದೆ ಆ ಎಚ್ಚರ ಬರುವುದು ಹೇಗೆ? ತಿಕೋಟಾದಲ್ಲಿ ದ್ರಾಕ್ಷಿ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡುವವನ ಬಲಗೈ ಬೆರಳು ಮಡಿಚಲಾಗದಿದ್ದರೆ ಅವನ ದುಡಿಮೆಯೇ ನಿಂತುಹೋಗುತ್ತದೆ. ಪ್ರಮಾಣಪತ್ರದ ಶೇಕಡಾವಾರು ಅದನ್ನು ಹೇಳುವುದಿಲ್ಲ. ಬೆರಳು ಎಷ್ಟು ಮಡಿಚುತ್ತಿತ್ತು ಎಂದು ಚಿಕಿತ್ಸೆ ಕೊಟ್ಟವರು ತಿಂಗಳು ತಿಂಗಳೂ ಬರೆದ ಟಿಪ್ಪಣಿ ಹೇಳುತ್ತದೆ.

2022ರ ಏಪ್ರಿಲ್‌ನಿಂದ ಪೊಲೀಸರು 90 ದಿನಗಳೊಳಗೆ ಅಪಘಾತದ ವಿವರ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ಒಳ್ಳೆಯ ನಿಯಮ. ಆ ವರದಿ ಕೈಸೇರಿದ ದಿನವೇ, ಯಾರೂ ಅರ್ಜಿ ಹಾಕುವ ಮೊದಲೇ, ಚಿಕಿತ್ಸೆ ಕೊಟ್ಟ ಪ್ರತಿ ಆಸ್ಪತ್ರೆಗೂ ಸಮನ್ಸ್ ಹೊರಡಬೇಕು. ಮಿರಜಿನ ಶಸ್ತ್ರವೈದ್ಯರು ಥಿಯೇಟರ್ ಬಿಟ್ಟು ವಿಜಯಪುರಕ್ಕೆ ಬರಬೇಕಾಗಿಯೂ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಆದೇಶದ 6ನೇ ನಿಯಮದಂತೆ ದಾಖಲೆಗಷ್ಟೇ ಕರೆ ಬಂದಾಗ ಬೇರೆಯವರ ಕೈಯಲ್ಲಿ ಕಳಿಸಿದರೂ ನಡೆಯುತ್ತದೆ.

ಕಡತದಲ್ಲಿ ರೋಗಿಯ ಬೇರೆ ಗುಟ್ಟುಗಳೂ ಇರುತ್ತವೆ. ಎಚ್‌ಐವಿ ಸ್ಥಿತಿಯ ಮಾಹಿತಿಗೆ 2017ರ ಕಾಯ್ದೆ ಪ್ರತ್ಯೇಕ ರಕ್ಷಣೆ ಕೊಟ್ಟಿದೆ. ಎಲುಬು ಮುರಿದ ಕೇಸಿಗೆ ಆ ಪುಟ ಬೇಕಿಲ್ಲ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನ, ಯಾವ ಗಾಯದ ದಾಖಲೆ ಎಂದು ಸಮನ್ಸಿನಲ್ಲೇ ಬಿಡಿಸಿ ಬರೆಯಬೇಕು.