ದ್ವೀಪ ಶುರುವಾಗುವುದು ದಕ್ಕೆಯಲ್ಲಿ

ಲಕ್ಷದ್ವೀಪದ ಪರವಾನಗಿ, ಹಡಗಿನ ಟಿಕೆಟು, ಹೋಗಲು ಒಳ್ಳೆಯ ತಿಂಗಳು, ಎಲ್ಲವನ್ನೂ ಈ ವಾರ ಬರೆಯುತ್ತೇನೆ ಎಂದು ಹೋದ ವಾರ ಮಾತು ಕೊಟ್ಟಿದ್ದೆ. ಸಂಪಾದಕರು ಮರೆತಿಲ್ಲ. ಆದ್ದರಿಂದ ಮೊದಲು ಆ ಸಾಲ ತೀರಿಸಿಬಿಡುತ್ತೇನೆ. ಪರವಾನಗಿ ಇಲ್ಲದೆ ಅಲ್ಲಿ ಇಳಿಯುವಂತಿಲ್ಲ, ಸಾಕಷ್ಟು ಮೊದಲೇ ಅರ್ಜಿ ಹಾಕಿ. ಅಕ್ಟೋಬರ್ ಕಳೆದ ಮೇಲೆ, ಏಪ್ರಿಲ್ ಮುಗಿಯುವುದರೊಳಗೆ ಹೋಗಿ ಬನ್ನಿ. ಮಳೆಗಾಲದ ಕಡಲನ್ನು ನಂಬಬೇಡಿ. ಉಳಿದದ್ದು ಏಜೆಂಟರ ಕೆಲಸ.

ನನ್ನ ತಕರಾರು ಬೇರೆ. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಹೋಗಿ ಬಂದರು, ಚಿತ್ರಗಳು ಹರಿದಾಡಿದವು. ಆಗ ‘ಮಾಲ್ದೀವ್ಸ್ ಬಿಡಿ, ಲಕ್ಷದ್ವೀಪಕ್ಕೆ ನಡೀರಿ’ ಎನ್ನುವ ಪಂಗಡವೊಂದು ಹುಟ್ಟಿಕೊಂಡಿತಲ್ಲ, ಆ ಪಂಗಡದ ಮೇಲೆ. ಅವರ ದ್ವೀಪಕ್ಕೆ ಅಂಚು ಉಂಟು, ನಡು ಇಲ್ಲ. ಬಿಳಿ ಮರಳು, ತಿಳಿನೀಲಿ ನೀರು, ಮೇಲಿಂದ ಡ್ರೋನು, ಅಲ್ಲಿಗೆ ಮುಗಿಯಿತು. ಇವರಿಗಿಂತ ಹಳಬರಾದ ಇನ್ನೊಂದು ಪಂಗಡದ್ದು ಬೇರೆಯೇ ಹುಚ್ಚು: ಯಾರೂ ಕಾಲಿಡದ ದ್ವೀಪ ಬೇಕು. ಲಕ್ಷದ್ವೀಪದ ಮೂವತ್ತಾರು ದ್ವೀಪಗಳನ್ನು ಕೂಡಿಸಿದರೂ ನೆಲ ಇರುವುದು 32 ಚದರ ಕಿಲೋಮೀಟರು. 2011ರ ಜನಗಣತಿಯಲ್ಲಿ ಅಷ್ಟರಲ್ಲಿ ಅರುವತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನ. ಅಂದರೆ ಚದರ ಕಿಲೋಮೀಟರಿಗೆ ಎರಡು ಸಾವಿರ ಮೀರುತ್ತದೆ. ಏಕಾಂತ ಬೇಕಾದವರು ಕುದುರೆಮುಖಕ್ಕೆ ಹೋಗಲಿ.

ದ್ವೀಪ ನೋಡುವುದನ್ನು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳುತ್ತ ಬಂದಿದ್ದೇನೆ: ಮಂಗಳೂರಿನ ಹಳೇ ಬಂದರಿನ ದಕ್ಕೆಗೆ ಹೋಗಿ. ಮಳೆಗಾಲ ಕಳೆದು ಮಂಜಿಗಳು, ಅಂದರೆ ಸರಕು ಸಾಗಿಸುವ ಮರದ ಹಡಗುಗಳು, ಮತ್ತೆ ಹೊರಡುವ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ಮಂಜಿಗೆ ಏನೇನು ತುಂಬುತ್ತಾರೆ ನೋಡುತ್ತ ನಿಲ್ಲಿ. ಈರುಳ್ಳಿ, ಆಲೂಗಡ್ಡೆ, ಬಾಳೆಕಾಯಿ, ಸಿಮೆಂಟು, ಜಲ್ಲಿ, ಹೆಂಚು, ಕೆಲವೊಮ್ಮೆ ಆಡು ದನಗಳು. ಮರಳು ಕೂಡ! ಸುತ್ತಲೂ ಮರಳೇ ಇರುವ ಊರಿಗೆ ನಮ್ಮ ಹೊಳೆಯ ಮರಳು ಹೋಗುತ್ತದೆ. ನಗು ಬರುವ ಸಂಗತಿಯೇನೋ ಹೌದು, ಆದರೆ ಕಾರಣ ತಿಳಿದರೆ ದ್ವೀಪದ ಅರ್ಧ ಪಾಠ ಅಲ್ಲೇ ಆಗಿಬಿಡುತ್ತದೆ. ಅಲ್ಲಿನ ಮರಳು ಹವಳದ ಪುಡಿ, ಉಪ್ಪು ಹೀರಿದ್ದು, ಗೋಡೆಗೆ ಆಗಿಬರುವುದಿಲ್ಲ. ಆಗಿಬಂದರೂ ತೆಗೆಯುವಂತಿಲ್ಲ, ಏಕೆಂದರೆ ತೆಗೆದಷ್ಟೂ ಊರೇ ಕರಗುತ್ತದೆ. ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎದ್ದಿರುವ ನೆಲ ಅದು. ಗುಡ್ಡವಿಲ್ಲ, ಹೊಳೆಯಿಲ್ಲ, ಒಡೆಯಲು ಬಂಡೆಯಿಲ್ಲ. ಮರಳಿ ಬರುವ ಮಂಜಿಯಲ್ಲಿ ಕೊಬ್ಬರಿ, ಒಣಮೀನು. ಹೋಗುವ ಸರಕು ಊರಿನ ಕೊರತೆಯ ಪಟ್ಟಿ, ಬರುವ ಸರಕು ಅದರ ದುಡಿಮೆಯ ಪಟ್ಟಿ. ಇವೆರಡನ್ನೂ ಓದಿಕೊಂಡು ಹೋದವನಿಗೆ ಅಲ್ಲಿ ಇಳಿದ ಮೇಲೆ ಗೈಡು ಬೇಕಾಗುವುದಿಲ್ಲ.

ದಕ್ಕೆಯ ಮಾತು ಬಂದಿತಲ್ಲ, ಹೇಳಬೇಕೆಂದಿದ್ದನ್ನು ಬದಿಗಿಟ್ಟು ಇದನ್ನು ಹೇಳಲೇಬೇಕು. ಲಕ್ಷದ್ವೀಪದ ಬಡಗಣ ಗುಂಪು, ಅಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದಾಗಿತ್ತು. ಹಳಬರು ಅಮಿನ್‌ದೀವಿ ಎನ್ನುತ್ತಿದ್ದುದು ಇದನ್ನೇ. ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದ ಈ ದ್ವೀಪಗಳು 1787ರಲ್ಲಿ ಟಿಪ್ಪುವಿಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯ ಪಾಲಾದವು. ತೆಂಕಣದ ದ್ವೀಪಗಳು ಮಲಬಾರಿನ ಕಡೆಗೆ ಹೋದರೆ, ಇವು ಮಂಗಳೂರಿನ ಕಲೆಕ್ಟರ ಕೈಕೆಳಗೆ ಉಳಿದವು. ಅಮಿನಿಯಲ್ಲಿ ಮೊನೇಗಾರ ಎಂಬ ಅಧಿಕಾರಿ ಕೂರುತ್ತಿದ್ದ. ದ್ವೀಪದ ಹೆಂಗಸರು ಹೊಸೆದ ತೆಂಗಿನ ನಾರಿನ ಹುರಿಯನ್ನು ಸರ್ಕಾರವೇ ಕೊಳ್ಳುತ್ತಿತ್ತು, ಬದಲಿಗೆ ಅಕ್ಕಿ ಕೊಡುತ್ತಿತ್ತು. ಹುರಿಯ ದರ, ಅಕ್ಕಿಯ ದರ ಎರಡನ್ನೂ ಗೊತ್ತುಮಾಡುವವರು ಒಬ್ಬರೇ ಆದಾಗ ಹೊಸೆದವರಿಗೆ ಎಷ್ಟು ದಕ್ಕಿತೆಂದು ಊಹಿಸಲು ಕಷ್ಟವಿಲ್ಲ.

1956ರ ನವೆಂಬರ್ 1ರಂದು ಜಿಲ್ಲೆ ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಅದರ ನೋವು ನಮ್ಮ ಕವಿಗಳಲ್ಲೂ ಹೋರಾಟಗಾರರಲ್ಲೂ ದಶಕಗಟ್ಟಲೆ ಉಳಿಯಿತು. ಅದೇ ದಿನ ಅದೇ ಜಿಲ್ಲೆಯಿಂದ ಐದು ದ್ವೀಪಗಳೂ ಕಳಚಿಕೊಂಡು ಕೇಂದ್ರಾಡಳಿತಕ್ಕೆ ಹೋದವು. ಅವಕ್ಕಾಗಿ ಒಬ್ಬರೂ ಒಂದು ಸಭೆ ಕರೆದಂತೆ ಕಾಣೆ. ಕರೆಯಬೇಕಿತ್ತು ಎಂದೂ ನಾನು ಅನ್ನುವುದಿಲ್ಲ. ಅಲ್ಲಿಯವರ ಮಾತು ಜೆಸರಿ, ಮಲಯಾಳದ ಬಳಗದ್ದು. ನಮ್ಮ ಜೊತೆ ಇರುತ್ತೀರಾ ಎಂದು ಅವರನ್ನು ಕೇಳಿದವರೂ ಇಲ್ಲ. ಆದರೆ ನಕ್ಷೆ ಬಿಚ್ಚಿ ನೋಡಿ: ಕಡಮತ್‌ಗೆ ಕೊಚ್ಚಿಯಿಂದ ಸುಮಾರು ನಾನೂರು ಕಿಲೋಮೀಟರ್, ಮಂಗಳೂರಿನಿಂದ ಮುನ್ನೂರರ ಆಸುಪಾಸು. ಆಡಳಿತ ಎತ್ತ ತಿರುಗಿದರೂ ಈರುಳ್ಳಿ ಹತ್ತಿರದ ದಾರಿಯನ್ನು ಬಿಟ್ಟಿಲ್ಲ.

ನಿರ್ಜನ ದ್ವೀಪದ ಪಂಗಡದವರು ಈಗ ಇಬ್ನ್ ಬತೂತನನ್ನು ಎಳೆದು ತರುತ್ತಾರೆ, ನನಗೆ ಗೊತ್ತು. ಅವನು ನನಗೂ ಇಷ್ಟದವನೇ. ನಮ್ಮ ಹೊನ್ನಾವರದಲ್ಲಿ ತಂಗಿ, ಅಲ್ಲಿ ಹೆಣ್ಣುಮಕ್ಕಳ ಪಾಠಶಾಲೆಗಳೇ ಹದಿಮೂರು ಇದ್ದವೆಂದು ಬೆರಗಿನಿಂದ ಬರೆದವನು. 1343ರಲ್ಲಿ ಮಾಲ್ದೀವ್ಸ್‌ಗೆ ಹೋಗಿ, ಅಲ್ಲಿ ಕಾಜಿಯಾಗಿ, ಹಲವು ಮದುವೆಯಾಗಿ, ಹೆಂಗಸರು ಮೈತುಂಬ ಹೊದೆಯಬೇಕೆಂದು ಹಟ ಹಿಡಿದು, ಆ ಹಟದಲ್ಲಿ ಸೋತವನು. ಹೊರಡುವ ದಾರಿಯಲ್ಲಿ ಅವನ ಹಡಗು ಒಂದು ಚಿಕ್ಕ ದ್ವೀಪಕ್ಕೆ ತಾಗುತ್ತದೆ. ಅಲ್ಲಿ ಇರುವುದೇ ಒಂದು ಮನೆ, ಒಬ್ಬ ನೇಕಾರನದು. ಹೆಂಡತಿ, ಮಕ್ಕಳು, ಕೆಲವು ತೆಂಗಿನ ಮರ, ಒಂದಿಷ್ಟು ಬಾಳೆ, ಒಂದು ಪುಟ್ಟ ದೋಣಿ. ನೆಲದ ಹಕ್ಕಿಯೆಂದು ಕಂಡದ್ದು ಎರಡೇ ಕಾಗೆ. ಹಡಗು ಕಂಡೊಡನೆ ಅವು ಹಾರಿಬಂದು ಸುತ್ತು ಹಾಕಿದವಂತೆ. ಆ ನೇಕಾರನನ್ನು ಕಂಡು ಲೋಕ ಸುತ್ತಿದ ಈ ಮಹಾರಾಯನಿಗೆ ಹೊಟ್ಟೆಕಿಚ್ಚಾಗುತ್ತದೆ. ಈ ದ್ವೀಪ ನನ್ನದಾಗಿದ್ದರೆ ಕೊನೆಯವರೆಗೂ ಇಲ್ಲೇ ಇದ್ದುಬಿಡುತ್ತಿದ್ದೆ ಎಂದು ಬಯಸುತ್ತಾನೆ. ಬಯಸಿದ್ದೇ ತಡ, ಹಡಗು ಹತ್ತಿ ಹೊರಟುಹೋಗುತ್ತಾನೆ.

ಈ ಭಾಗವನ್ನು ಓದುವವರೆಲ್ಲ ಕಾಗೆಗಳನ್ನು ನೆನಪಿಟ್ಟುಕೊಳ್ಳುತ್ತಾರೆ, ದೋಣಿಯನ್ನು ಬಿಟ್ಟುಬಿಡುತ್ತಾರೆ. ಆದರೆ ದೋಣಿ ಏಕೆ ಇತ್ತೆಂದು ಬತೂತ ಬಿಡಿಸಿಯೇ ಹೇಳಿದ್ದಾನೆ. ನೇಕಾರ ಅದರಲ್ಲಿ ಮೀನು ಹಿಡಿಯುತ್ತಿದ್ದ, ಬೇಕಾದಾಗ ಬೇರೆ ದ್ವೀಪಗಳಿಗೆ ಹೋಗಿ ಬರುತ್ತಿದ್ದ. ನೂಲಿಗೋ, ನೇಯ್ದದ್ದನ್ನು ಮಾರಲೋ ಅವನು ಎಲ್ಲಿಗಾದರೂ ಹೋಗಲೇಬೇಕಲ್ಲ. ಒಂಟಿಮನೆಯ ದ್ವೀಪಕ್ಕೂ ಒಂದು ದಕ್ಕೆ ಇತ್ತು ಎಂದೇ ನನ್ನ ವಾದ.

ಮಂಜಿಯಲ್ಲಿ ತರಿಸಲಾಗದ ಸರಕು ಒಂದೇ, ದಿನದ ನೀರು. ವರ್ಷಕ್ಕೆ ಸುಮಾರು 1,600 ಮಿಲಿಮೀಟರ್ ಮಳೆ ಬೀಳುತ್ತದೆ, ನಿಲ್ಲಲು ಕೆರೆಯಿಲ್ಲ. ಸಡಿಲ ಮರಳಿನಲ್ಲಿ ಇಂಗಿದ ಮಳೆನೀರು ಹಗುರವಾದ್ದರಿಂದ ಅಡಿಯ ಉಪ್ಪುನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ನೀರಿನ ಮೇಲೆ ಹೊಯ್ದ ಎಣ್ಣೆಯಂತಲ್ಲ, ಎರಡೂ ಮೆಲ್ಲಗೆ ಬೆರೆಯುತ್ತಲೇ ಇರುತ್ತವೆ. ಗೈಬೆನ್, ಹರ್ಜ್‌ಬರ್ಗ್ ಎಂಬಿಬ್ಬರ ಲೆಕ್ಕದಂತೆ ಸಮುದ್ರಮಟ್ಟಕ್ಕಿಂತ ಒಂದು ಅಡಿ ಸಿಹಿನೀರು ಮೇಲಿದ್ದರೆ ಕೆಳಗೆ ನಲವತ್ತು ಅಡಿ ಇರಬೇಕು. ಹವಳದ ದ್ವೀಪದಲ್ಲಿ ಉಬ್ಬರವಿಳಿತ ಕಲಕುತ್ತಲೇ ಇರುವುದರಿಂದ ಈ ಪದರ ಅಷ್ಟು ದಪ್ಪವಾಗುವುದಿಲ್ಲ. ಭರತ ಬಂದಾಗ ಬಾವಿಯ ನೀರು ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಕೊಡಪಾನದಲ್ಲಿ ಸೇದುವವರು ಮೇಲಿನ ಸಿಹಿಯನ್ನಷ್ಟೇ ಮೊಗೆಯುತ್ತಾರೆ. ಪಂಪು ಇಳಿಸಿ ಒಂದೇ ಸಮನೆ ಎಳೆದರೆ ಅಡಿಯ ಉಪ್ಪು ಗೋಪುರದ ಹಾಗೆ ಮೇಲೆದ್ದು ಬರುತ್ತದೆ. ಹಾಗೆ ಕೆಟ್ಟ ಬಾವಿ ಸುಧಾರಿಸಿಕೊಳ್ಳಲು ಮಳೆಗಾಲವನ್ನೇ ಕಾಯಬೇಕು. ಪಕ್ಕದಲ್ಲೇ ಶೌಚದ ಗುಂಡಿ ಇದ್ದರಂತೂ ಮಾತೇ ಬೇಡ, ಮರಳು ಏನನ್ನೂ ತಡೆಯುವುದಿಲ್ಲ.

ಇದಕ್ಕಾಗಿಯೇ 2005ರಲ್ಲಿ ಕವರತ್ತಿಯಲ್ಲಿ ಕಡಲಾಳದ ತಣ್ಣೀರು ಬಳಸಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ತೆಗೆಯುವ ಸ್ಥಾವರ ಕಟ್ಟಿದರು. ಒಳ್ಳೆಯ ಕೆಲಸ, ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆಯವರದು. ಆದರೆ ಒಬ್ಬರಿಗೆ ದಿನಕ್ಕೆ ಹತ್ತು ಲೀಟರ್ ಎಂದರೂ ಅದು ಹತ್ತು ಸಾವಿರ ಜನರ ಕುಡಿಯುವ, ಬೇಯಿಸುವ ನೀರಾಯಿತು, ಅಷ್ಟೇ. ಸ್ನಾನದ ತೊಟ್ಟಿ, ಈಜುಕೊಳ, ದಿನಕ್ಕೊಂದು ಹೊಸ ಟವೆಲು ಆ ಲೆಕ್ಕದಲ್ಲಿ ಇಲ್ಲ. ಡ್ರೋನ್ ಪಂಗಡದವರು ಹೊಸ ರೆಸಾರ್ಟಿಗೆ ಎಷ್ಟು ಕೋಣೆ ಎಂದು ಕೇಳುತ್ತಾರೆ. ಕೇಳಬೇಕಾದದ್ದು ಅದರ ನೀರು ಯಾವ ಬಾವಿಯದು ಎಂದು. ಹಾಗೆಂದು ಹೋಗಬೇಡಿ ಅನ್ನುತ್ತಿಲ್ಲ. ಒಂದೇ ದ್ವೀಪದಲ್ಲಿ ಉಳಿಯಿರಿ, ಊರಿನ ಮನೆಯಲ್ಲೇ ಉಂಡು ಮಲಗುವ ಏರ್ಪಾಡು ಸಿಕ್ಕರೆ ಬಿಡಬೇಡಿ. ಅಲ್ಲಿ ಬಾವಿಗೆ ಕೊಡಪಾನ ಇಳಿಸುವಾಗ ಹಗ್ಗವನ್ನು ತಳದವರೆಗೆ ಬಿಟ್ಟರೆ ಮನೆಯ ಅಜ್ಜಿ ಗದರುತ್ತಾಳೆ, ಬೇಜಾರು ಮಾಡಿಕೊಳ್ಳಬೇಡಿ.